ಹಳೇ ಬ್ಯಾಂಡ್, ಹೊಸ ಆಲ್ಬಂ: ಕಲಬುರಗಿ ಮನ್ಯಾಗೇ ರೆಕಾರ್ಡಿಂಗ್ ಹೆಂಗ ಮಾಡೋದು?

ತೊಗರಿಕಣಜ:
ನಮಸ್ಕಾರ್ರಿ ಎಲ್ಲರಿಗೂ. ಹದಿನೈದು ವರ್ಷದ ಹಳೇ ರಾಕ್ ಬ್ಯಾಂಡ್ ನಮ್ದು, ಈಗ ಮೂರನೇ ಆಲ್ಬಂ. 9 ಹಾಡು, ಅದ್ರಾಗ ಎರಡು ಕಡಕೋಳ ಮಡಿವಾಳಪ್ಪನವರ ತತ್ವಪದ. ಹಿಂದಿನ ಎರಡೂ ಆಲ್ಬಂ ಸ್ಟುಡಿಯೋದಾಗ ಒಂದೊಂದೇ ವಾದ್ಯ ಹಿಡಿದು ಮಾಡಿದ್ದು. ಈ ಸಲ ಎಲ್ಲಾರೂ ಕೂಡಿ ನುಡಿಸೋದನ್ನೇ ಹಿಡೀಬೇಕಂತ ಅದ. 12x14 ಅಡಿ ಕೋಣೆ, ಎತ್ತರ 10 ಅಡಿ, ಶಹಾಬಾದ್ ಫರ್ಸಿ ನೆಲ, ಬರೀ ಗೋಡೆ. 8 ಇನ್‌ಪುಟ್ ಇಂಟರ್‌ಫೇಸ್ (ಮೈಕಿನ ಸದ್ದನ್ನ ಕಂಪ್ಯೂಟರಿಗೆ ಕೊಡೋ ಡಬ್ಬಿ), ಆರು ಮೈಕ್, ಡ್ರಮ್ಸ್, ಬೇಸ್, ಎರಡು ಗಿಟಾರ್. ತ್ರಾಸು ಏನಂದ್ರ, ಸ್ನೇರ್ (ಡ್ರಮ್ಸಿನ್ಯಾಗ ಚಟ್ ಅನ್ನೋ ಡ್ರಮ್) ಬಡಿದ್ರ ಇಡೀ ಕೋಣೆ ಗಂಯ್ ಅಂತದ, ಗಿಟಾರ್ ಆಂಪ್ ಹಚ್ಚಿದ ಕೂಡ್ಲೇ ಹಮ್ (ಗುಂಯ್ ಅನ್ನೋ ಕರೆಂಟಿನ ಸದ್ದು) ಬರ್ತದ. ಏಪ್ರಿಲ್‌ದಾಗ ಮಾಡೋದಾ, ಮಳಿಗಾಲಕ್ಕ ಕಾಯೋದಾ?

ಮೂರುಪಿನ್:
ಮೊದಲು ಹಮ್ ನೋಡ್ರಿ, ಮೈಕ್ ಆಮ್ಯಾಲೆ. ತಂತಿ ಮುಟ್ಟಿದ್ರ ಹಮ್ ಕಮ್ಮಿ ಆಗ್ತದಾ? ಹಂಗಿದ್ರ ಗಿಟಾರಿನ ಶೀಲ್ಡಿಂಗ್‌ದು (ಹೊರಗಿನ ಕರೆಂಟ್ ಸದ್ದು ತಡೆಯೋ ಒಳಗಿನ ಲೋಹದ ಹೊದಿಕೆ) ತಕರಾರು. ತಂತಿ ಮುಟ್ಟಿದ್ರ ಕೈಗೆ ಝುಮ್ ಅಂತದ ಅಂದ್ರ ಮಾತ್ರ ಅವತ್ತಿನ ಕೆಲಸ ಅಲ್ಲೇ ನಿಲ್ಲಿಸ್ರಿ, ಅದು ಅರ್ಥಿಂಗ್ ಇಲ್ಲದ ಲೈನ್. ಒಂದು ಕೈ ತಂತಿ ಮ್ಯಾಲ, ತುಟಿ ಮೈಕಿಗೆ ತಾಗಿದ್ರ ಜೀವಕ್ಕೇ ಅಪಾಯ. ಹಾಡೋಕಿಂತ ಮೊದಲು ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಗಿಟಾರ್ ತಂತಿಗೂ ಮೈಕ್ ಜಾಲರಿಗೂ ನಡುವೆ ಹಿಡೀರಿ. ಸೊನ್ನಿ ಹತ್ರಾನೇ ಇರಬೇಕು.

ನಮ್ಮ ಕಡೆ ಬ್ಯಾಸಿಗ್ಯಾಗ ಅರ್ಥ್ ಗುಂಡಿ ಒಣಗ್ತದ, ಮಣ್ಣು ಬಿರಿದು ರಾಡ್ ಅಥವಾ ಪ್ಲೇಟ್ ಬಿಟ್ಟು ಸರೀತದ. ಸಾಕೆಟ್ಟಿನ ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟ್ ತನಕ ನಡೀತದ. ಹತ್ತರ ಮ್ಯಾಲೆ ಬಂದ್ರ ವೈರ್‌ಮನ್‌ನ ಕರೀರಿ, ಗುಂಡಿಗೆ ಇದ್ದಲು–ಉಪ್ಪು ಹಾಕಿಸಿ ನೀರು ಬಿಡ್ರಿ. ಹಮ್ ಹೋಗ್ತದಂತ ಪ್ಲಗ್ಗಿನ ಮೂರನೇ (ಅರ್ಥ್) ಪಿನ್ ಮುರಿಯೋ ಶಾಣ್ಯಾ ಎಲ್ಲಾ ಬ್ಯಾಂಡ್‌ದಾಗೂ ಒಬ್ಬ ಇರ್ತಾನ, ಅವನ ಕೈಯಾಗ ಇಕ್ಕಳ ಕೊಡಬ್ಯಾಡ್ರಿ.

ಅರ್ಥಿಂಗ್ ಸರಿ ಇದ್ದೂ ಝೀಂಯ್ ಅಂತ ತೆಳ್ಳನೆ ಸದ್ದು ಬಂದ್ರ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಸೋವಿ ಎಲ್‌ಇಡಿ ಬಲ್ಬ್ ಆಫ್ ಮಾಡಿ ನೋಡ್ರಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿದ್ರ ಸದ್ದು ಹೋಗ್ತದ ಅಂದ್ರ ಟೇಕ್ (ಒಂದು ಸಲದ ರೆಕಾರ್ಡಿಂಗ್) ಟೈಮಿಗೆ ಬ್ಯಾಟರಿ ಮ್ಯಾಲೇ ನಡಸ್ರಿ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮ್ಯಾಲ ಆಂಪ್ ಓಡಿಸಬ್ಯಾಡ್ರಿ, ಆ ಝೇಂಕಾರ ಆಮ್ಯಾಲೆ ಯಾವ ಫಿಲ್ಟರಿಗೂ ಬಗ್ಗಂಗಿಲ್ಲ. ಇಂಟರ್‌ಫೇಸಿಗೆ ಅಡಾಪ್ಟರ್ ಬೇಕಂದ್ರ ಅದಕ್ಕಷ್ಟೇ ಒಂದು ಆನ್‌ಲೈನ್ ಯುಪಿಎಸ್ (ಸದಾ ತನ್ನ ಇನ್ವರ್ಟರ್ ಮೂಲಕಾನೇ ಕರೆಂಟ್ ಕೊಡೋದು) ಇಡ್ರಿ.

ಕೌದಿ_ಮತ್ತು_ಕಿಕ್:
ಕೋಣೆ ವಿಷಯ ನಾ ಹೇಳ್ತೀನಿ. ಫರ್ಸಿ, ಸಿಮೆಂಟ್ ಗೋಡೆ, ಸ್ಲ್ಯಾಬ್, ಆರೂ ಕಡೆ ಗಟ್ಟಿ. ಎದುರಾಬದುರು ಗೋಡೆ ನಡುವೆ ಸದ್ದು ಪುಟೀತದ, ಅದೇ ಆ ಗಂಯ್. ಡ್ರಮ್ ಕೆಳಗ ದಪ್ಪ ಜಮಖಾನಿ ಹಾಸ್ರಿ. ಎದುರಾಬದುರು ಗೋಡೆಗಳಲ್ಲಿ ಒಂದೊಂದಕ್ಕ, ಅಂದ್ರ ಬರೀ ಎರಡು ಗೋಡೆಗೆ, ಕೌದಿ ಎರಡು ಮಡಿಕೆ ಮಾಡಿ ಗೋಡೆಯಿಂದ ನಾಲ್ಕು ಬೆರಳು ದೂರ ತೂಗಹಾಕ್ರಿ. ಗೋಡೆಗೆ ಅಂಟಿಸಿದ್ರ ಅರ್ಧ ಕೆಲಸಾನೂ ಮಾಡಂಗಿಲ್ಲ. ನಾಲ್ಕೂ ಗೋಡೆ ಮುಚ್ಚಬ್ಯಾಡ್ರಿ. ಬಟ್ಟೆ ಮೇಲಿನ ಸದ್ದಷ್ಟೇ ನುಂಗ್ತದ, ಕೆಳಗಿನ ಗುಂಯ್ ಹಂಗೇ ಉಳೀತದ, ಸಿಂಬಲ್ (ಡ್ರಮ್ಸಿನ ಲೋಹದ ತಟ್ಟೆ) ಸತ್ತು ಕಿಕ್ (ಕಾಲಿಂದ ಬಡಿಯೋ ದೊಡ್ಡ ಡ್ರಮ್) ಒಂದೇ ಉಬ್ಬಿ ಕೇಳ್ತದ. ಕೆಳಗಿನದಕ್ಕ ಮೂಲೆಗೆ ಹತ್ತಿ ಗಾದಿ ಸುತ್ತಿ ನಿಲ್ಲಿಸ್ರಿ, ಇಲ್ಲಾ 4 ಇಂಚು ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಬಟ್ಟ್ಯಾಗ ಹೊಲಿಸಿ ಇಡ್ರಿ. ಮೊಟ್ಟೆ ಟ್ರೇ ಅಂಟಿಸೋದು ಬರೀ ಕಸ ಕೂಡಿಸಿದಂಗ.

ಡ್ರಮ್ಸಿಗೆ ನಾಲ್ಕೇ ಮೈಕ್ ಸಾಕು: ಕಿಕ್, ಸ್ನೇರ್, ಮ್ಯಾಲ ಎರಡು. ಒಂದು ಓವರ್‌ಹೆಡ್ ಸ್ನೇರಿನ ನೇರ ಮ್ಯಾಲ ಸುಮಾರು 1 ಮೀಟರ್, ಇನ್ನೊಂದು ಫ್ಲೋರ್ ಟಾಮ್ (ನೆಲದ ಮ್ಯಾಲ ನಿಲ್ಲೋ ಡ್ರಮ್) ಬಾಜೂಕ, ಸ್ನೇರ್ ಕಡೆ ಮುಖ ಮಾಡಿ. ಸ್ನೇರ್ ನಡುವಿನಿಂದ ಎರಡಕ್ಕೂ ಒಂದೇ ದಾರ ಹಿಡಿದು ಅಳೀರಿ. 17 ಸೆಂ.ಮೀ. ಫರಕ್ ಬಿದ್ರ ಅರ್ಧ ಮಿಲಿಸೆಕೆಂಡ್ ತಡ ಆಗ್ತದ, ಎರಡೂ ಕೂಡಿಸಿದಾಗ 1000 ಹರ್ಟ್ಸ್ ಹತ್ರ ಒಂದನ್ನೊಂದು ಹೊಡೀತಾವ, ಸ್ನೇರ್ ಡಬ್ಬಿ ಬಡದಂಗ ಕೇಳ್ತದ. ಆಮ್ಯಾಲೆ ಕಿಕ್ ಮೈಕಿನ ಪೋಲಾರಿಟಿ (ಸಿಗ್ನಲ್ಲಿನ ಪ್ಲಸ್–ಮೈನಸ್) ತಿರುವಿ ನೋಡ್ರಿ, ಯಾವ ಕಡೆ ದಪ್ಪ ಕೇಳ್ತದ ಅದನ್ನ ಇಡ್ರಿ.

ಉಳಿದ ಎರಡು ಮೈಕ್ ಎರಡು ಗಿಟಾರ್ ಆಂಪಿಗೆ. ಆಂಪ್ ಅಡಿಗಿಮನಿ ಅಥವಾ ಪಡಸಾಲ್ಯಾಗ ಇಟ್ಟು ಬಾಗಿಲು ಹಾಕ್ರಿ, ನುಡಿಸೋರು ಮಾತ್ರ ಡ್ರಮ್ಸ್ ಎದುರಿಗೇ ಕೂಡ್ಲಿ. ಬೇಸ್ ಡಿಐ ಬಾಕ್ಸಿನಿಂದ (ಮೈಕ್ ಇಲ್ಲದೇ ಸಿಗ್ನಲ್ ಕೊಡೋ ಡಬ್ಬಿ) ನೇರ ಇಂಟರ್‌ಫೇಸಿಗೆ. ದನಿ ಆಮ್ಯಾಲೆ ಹಿಡೀರಿ. 24 ಬಿಟ್, 48 ಕಿಲೋಹರ್ಟ್ಸ್, ಜೋರಾಗಿ ಬಡಿದಾಗ ಪೀಕ್ ಮೈನಸ್ 10 ಡಿಬಿ ದಾಟಬಾರದು.

ಏಪ್ರಿಲ್‌ದಾಗ ಮಾಡೋದಾದ್ರ ನಸುಕಿನ್ಯಾಗ ಮಾಡ್ರಿ. ಕೂಲರ್ ಹಚ್ಚಿದ್ರ ಗದ್ದಲ ಅದ, ಬಂದ್ ಮಾಡಿದ್ರ ಕೋಣೆ ಕಾಯ್ತದ, ಹಸಿ ಗಾಳಿ ಹೋಗಿ ಒಣಗಾಳಿ ಬಂದ್ರ ಗಿಟಾರ್ ಶ್ರುತಿ ಓಡ್ತದ. ಕೂಲರ್ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟು ಶ್ರುತಿ ಮಾಡ್ರಿ. ನನ್ನ ಕೇಳಿದ್ರ ಜುಲೈ–ಆಗಸ್ಟ್ ಚೊಲೋ, ಆದ್ರ ಪತ್ರಾ ಛಾವಣಿ ಮಗ್ಗಲಾಗಿದ್ರ ಮಳಿ ಸದ್ದು ಎಲ್ಲಾ ಮೈಕಿನಾಗೂ ಬರ್ತದ.

ಬೀದರ್‌_ಬೇಸ್:
ಎಲ್ಲಾ ಸರಿ, ಕ್ಲಿಕ್ (ಲಯಕ್ಕ ಕಿವ್ಯಾಗ ಬರೋ ಟಕ್‌ಟಕ್ ಸದ್ದು) ಬಗ್ಗೆ ಯಾರೂ ಹೇಳಲಿಲ್ಲ. ಕ್ಲಿಕ್ ಇಲ್ಲದಿದ್ರ ಎರಡು ಟೇಕ್ ಕೂಡಿಸಿ ಕತ್ತರಿಸೋಕೆ ಬರಂಗಿಲ್ಲ. ಲಯದ ಫರಕ್ ಒಂದಾದ್ರ, ಹಳೇ ಸಿಂಬಲ್ಲಿನ ಬಾಲ (ಬಡಿದ ಮ್ಯಾಲೆ ಉಳಿಯೋ ಸದ್ದು) ಹೊಸ ಟೇಕಿನ ಮ್ಯಾಲ ಮುರಿದು ಬೀಳೋದು ಇನ್ನೊಂದು. ಕ್ಲಿಕ್ ಹಾಕ್ಕೊಳ್ರಿ.

ಕೌದಿ_ಮತ್ತು_ಕಿಕ್:
ಏಳು ಹಾಡಿಗೆ ಹೂಂ ಅಂತೀನಿ. ತತ್ವಪದಕ್ಕ ಒಪ್ಪಂಗಿಲ್ಲ. ಭಜನೆಯ ಲಯ ಸಾವಕಾಶ ಶುರುವಾಗಿ ಕೊನೆಗೆ ಏರೋದೇ ಅದರ ಜೀವ. ಮೊದಲಿನ ನಾಲ್ಕು ಎಣಿಕಿಗಷ್ಟೇ ಕ್ಲಿಕ್ ಇಟ್ಟು ಬಿಟ್ಬಿಡ್ರಿ, ಪೂರಾ ಟೇಕ್ ನುಡಿಸ್ರಿ, ಸರಿ ಬರಲಿಲ್ಲಂದ್ರ ಮೊದಲಿಂದ ನುಡಿಸ್ರಿ.

ತೊಗರಿಕಣಜ:
ಭಾಳ ಉಪಕಾರ ಆಯ್ತ್ರಿ. ಮಾಸ್ಟರಿಂಗ್‌ದಾಗ (ಬಿಡುಗಡೆಗಿಂತ ಮೊದಲಿನ ಕಡೀ ಹದ) ಎಷ್ಟು ಜೋರು ಇಡಬೇಕು? ಮತ್ತ ಫಾರ್ಮಿನ್ಯಾಗ ತತ್ವಪದದ ಹಕ್ಕಿನ ಜಾಗದಾಗ ಏನು ತುಂಬೋದು?

ಹನ್ನೆರಡಂಕಿ:
ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಲಫ್ಸ್‌ಗೆ (ಲಫ್ಸ್ ಅಂದರೆ ಕೇಳುವ ಜೋರಿನ ಅಳತೆ) ಇಳಿಸಿಯೇ ಕೇಳಿಸುತ್ತದೆ. ಮೈನಸ್ 8ಕ್ಕೆ ಹಿಂಡಿ ಕೊಟ್ಟರೆ ಜೋರೂ ಸಿಗಲ್ಲ, ಡ್ರಮ್ಮಿನ ಹೊಡೆತವೂ ಹೋಗುತ್ತದೆ. ರಾಕ್‌ಗೆ ಮೈನಸ್ 11ರ ಆಸುಪಾಸು ಸಾಕು, ಟ್ರೂ ಪೀಕ್ (ಸದ್ದಿನ ತುತ್ತತುದಿ) ಮೈನಸ್ 1 ಡಿಬಿ. ಒಂಬತ್ತೂ ಹಾಡನ್ನು ಒಂದೇ ಮಟ್ಟಕ್ಕೆ ಎಳೆಯಬೇಡಿ. ಶಾಂತ ಹಾಡು ಶಾಂತವಾಗಿಯೇ ಇರಲಿ.

ಕೃತಿಸ್ವಾಮ್ಯ ನಮ್ಮಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ. ಮಡಿವಾಳಪ್ಪನವರ ಪದಗಳಿಗೆ ಅದು ಎಂದೋ ಮುಗಿದಿದೆ, ಸಾಹಿತ್ಯದ ಜಾಗದಲ್ಲಿ ಅವರ ಹೆಸರನ್ನೇ ಹಾಕಿ. ಧಾಟಿ ಬೇರೆ ವಿಷಯ. ಊರ ಭಜನೆಯ ಧಾಟಿಯಾದರೆ ಸಂಗೀತಕ್ಕೆ 'ಸಾಂಪ್ರದಾಯಿಕ', ವಾದ್ಯ ಸಂಯೋಜನೆಗೆ ನಿಮ್ಮ ಹೆಸರು. ಈಚಿನವರು ಕ್ಯಾಸೆಟ್ಟಿಗೆ ಕೂಡಿಸಿದ ರಾಗವಾಗಿದ್ದರೆ ಅವರ ಒಪ್ಪಿಗೆ ಬೇಕು. ನಿಮ್ಮ ಸ್ವಂತ ಏಳು ಹಾಡಿನ ಸಾಹಿತ್ಯ, ಸಂಗೀತ ಬರೆದವರು ಐಪಿಆರ್‌ಎಸ್ (ಬರೆದವರಿಗೆ ರಾಯಧನ ವಸೂಲಿ ಮಾಡಿಕೊಡುವ ಸಂಸ್ಥೆ) ಸದಸ್ಯರಾಗಿ ಕೃತಿಗಳನ್ನು ನೋಂದಾಯಿಸಿಕೊಳ್ಳಿ. ವಿತರಕರ (ಹಾಡನ್ನು ಸ್ಪಾಟಿಫೈನಂಥ ಕಡೆ ತಲುಪಿಸುವವರು) ಮೂಲಕ ಬರುವ ದುಡ್ಡು ರೆಕಾರ್ಡಿಂಗಿನದು, ಐಪಿಆರ್‌ಎಸ್‌ನದು ಬೇರೆ.

ಹಳೇ ಎರಡು ಆಲ್ಬಂ ಇದ್ದ ವಿತರಕರನ್ನು ಬದಲಿಸುತ್ತಿದ್ದರೆ ಪ್ರತಿ ಹಾಡಿನ 12 ಅಕ್ಷರದ ಐಎಸ್‌ಆರ್‌ಸಿ (ರೆಕಾರ್ಡಿಂಗಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ಹೊಸ ಕಡೆ ಅದನ್ನೇ ಕೊಡಿ. ಹೊಸ ಸಂಖ್ಯೆ ಬಿದ್ದರೆ ಹಳೇ ಕೇಳುಗರ ಎಣಿಕೆ ಸೊನ್ನೆಯಿಂದ ಶುರುವಾಗುವ ಸಂಭವ ಇದೆ. ಮುಖಪುಟ 3000x3000 ಪಿಕ್ಸೆಲ್, ಆರ್‌ಜಿಬಿ, ಫೋನ್ ನಂಬರ್ ಅಥವಾ ವೆಬ್ ವಿಳಾಸ ಬೇಡ, ತಿರಸ್ಕರಿಸುತ್ತಾರೆ. ಸ್ಪಾಟಿಫೈ ಸಂಪಾದಕರಿಗೆ ಹಾಡು ಕಳಿಸಲು ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಅಲ್ಲಿ ಆಲ್ಬಂ ತಲುಪಿರಬೇಕು, ಹಾಗಾಗಿ ವಿತರಕರಿಗೆ ನಾಲ್ಕು ವಾರ ಮುಂಚೆಯೇ ಕೊಟ್ಟುಬಿಡಿ. ಬ್ಯಾಂಡ್ ಹೆಸರಿನ ಕಾಗುಣಿತ ಮೂರೂ ಆಲ್ಬಂನಲ್ಲಿ ಒಂದೇ ಇರಲಿ, ಇಲ್ಲದಿದ್ದರೆ ಎರಡು ಬೇರೆ ಪುಟ ಹುಟ್ಟಿಕೊಳ್ಳುತ್ತವೆ, ಅವನ್ನು ಕೂಡಿಸಲು ವಾರಗಟ್ಟಲೆ ಪತ್ರ ಬರೆಯಬೇಕು.