ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಒಳಗಿನ ಕೆಲಸ ಗೊತ್ತಿರುವವರು ದಯವಿಟ್ಟು ಬರೆಯಿರಿ

ನ್ಯೂಟೌನ್ ಮಗಳು:
ಎಲ್ಲರಿಗೂ ನಮಸ್ಕಾರ. ನಾನು ಬೆಳೆದದ್ದು ಭದ್ರಾವತಿ ನ್ಯೂಟೌನ್ ಕ್ವಾರ್ಟರ್ಸ್‌ನಲ್ಲಿ, ಈಗ ಶಿವಮೊಗ್ಗದಲ್ಲಿದ್ದೇನೆ. ಅಪ್ಪ ಅಲ್ಲಿನ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಅಂದರೆ ವಿಐಎಸ್‌ಎಲ್‌ನಲ್ಲಿದ್ದರು, ತೀರಿಕೊಂಡು ಕೆಲವು ವರ್ಷ ಆಯ್ತು. ಕಾರ್ಖಾನೆ ಬಗ್ಗೆ ಏನೇ ಹುಡುಕಿದರೂ ಸಿಗೋದು ಅದದೇ ವಿಷಯ. ನಾಲ್ವಡಿಯವರು, ಸರ್ ಎಂ.ವಿ., 1923ರಲ್ಲಿ ಶುರುವಾದದ್ದು, 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ಕೈಗೆ ಹೋದದ್ದು, 1998ರಲ್ಲಿ ಅದರಲ್ಲೇ ಸೇರಿಹೋದದ್ದು, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ, ಆಮೇಲೆ ಗುತ್ತಿಗೆ ಕಾರ್ಮಿಕರ ಧರಣಿ. ಇದೆಲ್ಲ ಬೇಕು, ಬೇಡ ಅನ್ನಲ್ಲ. ಆದರೆ ಸಾವಿರಾರು ಜನ ಗೇಟಿನೊಳಗೆ ಹೋಗಿ ದಿನಾ ಏನು ಮಾಡುತ್ತಿದ್ದರು ಅಂತ ಎಲ್ಲೂ ಬರೆದಿಲ್ಲ. ಅಪ್ಪ ಮನೆಯಲ್ಲಿ ಕೆಲಸದ ಮಾತೇ ಆಡುತ್ತಿರಲಿಲ್ಲ. ಅವರ ಖಾಕಿ ಅಂಗಿಯ ತೋಳಿನಲ್ಲಿ, ಎದೆಯ ಹತ್ತಿರ ಸಣ್ಣ ಸಣ್ಣ ಸುಟ್ಟ ತೂತು ಇರುತ್ತಿತ್ತು, ಅಮ್ಮ ಅದಕ್ಕೆ ತೇಪೆ ಹಾಕುತ್ತಿದ್ದರು, ನನಗೆ ಗೊತ್ತಿರೋದು ಅಷ್ಟೇ. ಕೆಲಸ ಮಾಡಿದವರು ಇದ್ದರೆ ನಿಮ್ಮ ಕೆಲಸದ ಬಗ್ಗೆ ಬರೆಯಿರಿ. ಎಲ್ಲ ಸೇರಿಸಿ ಒಂದು ಕಡೆ ಬರೆದಿಡಬೇಕು ಅಂತ ಆಸೆ.

ಪ್ಯಾಟರ್ನ್ ಮೇಸ್ತ್ರಿ:
ಮಗಳೇ, ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಎಷ್ಟೋ ದಿನದಿಂದ ಕಾಯ್ತಿದ್ದೆ. ಅಂಗಿಯಲ್ಲಿ ಆ ಥರ ತೂತು ಅಂದರೆ ನಿಮ್ಮ ತಂದೆ ಫರ್ನೇಸ್ ಕಡೆ ಇದ್ದಿರಬೇಕು. ಕಬ್ಬಿಣ ಬಿಡುವಾಗ ಕುಲುಮೆಯ ಬುಡದಲ್ಲಿ ಜೇಡಿಮಣ್ಣಿನಿಂದ ಮುಚ್ಚಿದ ಕಂಡಿಯನ್ನು ಕೊರೆದು ತೆಗೆಯುತ್ತಾರೆ. ಕಬ್ಬಿಣ ಮರಳಿನ ಕಾಲುವೆಯಲ್ಲಿ ಹರಿದು ಬರುತ್ತದೆ. ಕಿಟ್ಟ, ಅಂದರೆ ಅದಿರಿನ ಕಲ್ಮಶ, ಹಗುರ, ಅದು ಮೇಲೆ ತೇಲುತ್ತದೆ, ಅಡ್ಡಗಟ್ಟೆ ಹಾಕಿ ಅದನ್ನು ಪಕ್ಕಕ್ಕೆ ತಿರುಗಿಸುತ್ತಾರೆ, ಕಬ್ಬಿಣ ಅಡ್ಡಗಟ್ಟೆಯ ಕೆಳಗಿನಿಂದ ಮುಂದೆ ಹೋಗುತ್ತದೆ. ಆ ಹೊತ್ತಿನಲ್ಲಿ ಹಾರುವ ಕಿಡಿ ಅಂಗಿಯನ್ನೂ ಬಿಡಲ್ಲ, ಚರ್ಮವನ್ನೂ ಬಿಡಲ್ಲ.

ನಾನು ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದವನು, ಪ್ಯಾಟರ್ನ್ ಕೆಲಸದಲ್ಲೇ ನಿವೃತ್ತನಾದೆ. ಮರದಲ್ಲಿ ಮಾದರಿ ಮಾಡಿ ಮರಳಲ್ಲಿ ಅಚ್ಚು ತೆಗೆದು, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಆ ಮರದ ಮಾದರಿಯೇ ಪ್ಯಾಟರ್ನ್. ನಮ್ಮ ಸ್ಕೇಲ್ ಅಂಗಡಿಯಲ್ಲಿ ಸಿಗುವ ಸ್ಕೇಲ್ ಅಲ್ಲ. ಲೋಹ ಆರುವಾಗ ಕುಗ್ಗುತ್ತದೆ, ಎರಕದ ಕಬ್ಬಿಣ ಮೀಟರಿಗೆ ಸುಮಾರು 10 ಮಿಲಿಮೀಟರ್, ಉಕ್ಕಾದರೆ ಹೆಚ್ಚುಕಡಿಮೆ ಅದರ ಎರಡರಷ್ಟು, ಅದಕ್ಕೇ ನಮ್ಮ ಸ್ಕೇಲಿನ ಗೆರೆಗಳನ್ನೇ ಅಷ್ಟು ಅಗಲಿಸಿ ಹೊಡೆದಿರುತ್ತಾರೆ, ಕಬ್ಬಿಣಕ್ಕೊಂದು ಉಕ್ಕಿಗೊಂದು. ತಪ್ಪು ಸ್ಕೇಲ್ ಹಿಡಿದರೆ ವಾರಗಟ್ಟಲೆ ಮಾಡಿದ ಕೆಲಸ ಹೋಯ್ತು ಅಂತಲೇ ಅರ್ಥ. ಒಳಮೂಲೆ ಚೂಪಾಗಿದ್ದರೆ ಆರುವಾಗ ಅಲ್ಲೇ ಬಿರುಕು ಬಿಡುತ್ತದೆ, ಅದನ್ನು ದುಂಡಗೆ ಮಾಡಬೇಕು. ಪಕ್ಕಗಳು ನೆಟ್ಟಗಿದ್ದರೆ ಮಾದರಿಯನ್ನು ಅಚ್ಚಿನಿಂದ ತೆಗೆಯುವಾಗ ಮರಳು ಕಿತ್ತು ಬರುತ್ತದೆ, ಸ್ವಲ್ಪ ಓರೆ ಕೊಡಬೇಕು. ನನಗೆ ಕಲಿಸಿದ ಹಿರಿಯರು ಮಾದರಿಯ ಮೇಲೆ ಹೆಬ್ಬೆರಳು ಎಳೆದು, ಕಣ್ಣಿಗೆ ಕಾಣದ ತಗ್ಗು ಇಲ್ಲಿದೆ ನೋಡು ಅನ್ನುತ್ತಿದ್ದರು. ಇದ್ದೇ ಇರುತ್ತಿತ್ತು.

ಮೋಲ್ಡಿಂಗ್‌ನವರದ್ದು ಇನ್ನೊಂದು ವಿದ್ಯೆ. ಮರಳನ್ನು ಮುಷ್ಟಿಯಲ್ಲಿ ಹಿಸುಕಿ, ಉಂಡೆ ಮುರಿದು, ಅಂಚು ನೋಡಿ ನೀರು ಸಾಕೋ ಜಾಸ್ತಿಯೋ ಹೇಳುತ್ತಿದ್ದರು. ಜಾಸ್ತಿಯಾದರೆ ಲೋಹ ಬಿದ್ದಾಗ ಆವಿ ಎದ್ದು ಸಿಡಿಯುತ್ತದೆ, ಜೀವಕ್ಕೇ ಅಪಾಯ. ಒಳಗಿನ ಟೊಳ್ಳಿಗೆ ಇಡುವ ಕೋರ್ ಗಟ್ಟಿಯಾಗಲಿ ಅಂತ ಮರಳಿಗೆ ಕಾಕಂಬಿ ಬೆರೆಸುತ್ತಿದ್ದರು, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುತ್ತಲ್ಲ, ಅದೇ. ಕೋರ್ ಒಣಗಿಸುವ ಒಲೆಯ ಹತ್ತಿರ ಹೋದರೆ ಬೆಲ್ಲ ಸೀದ ವಾಸನೆ.

ಲಕ್ಕವಳ್ಳಿ ಕಡೆಯವ:
ಮೇಸ್ತ್ರಿಗಳೇ, ನಿಮ್ಮ ಬರಹ ತುಂಬಾ ಚೆನ್ನಾಗಿದೆ. ಆದರೆ ಬರೆದಿಡುವುದಾದರೆ ಕಾಡಿನ ಕಥೆಯನ್ನೂ ಬರೆದಿಡಿ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ, ಹಾಗಾಗಿ ಭದ್ರಾವತಿಯ ಕುಲುಮೆ ಉರಿದದ್ದು ಇದ್ದಿಲಿನಲ್ಲಿ, ಆ ಇದ್ದಿಲು ಬಂದದ್ದು ನಮ್ಮ ಕಡೆಯ ಮರದಿಂದ. ಮುಚ್ಚಿದ ಪಾತ್ರೆಯಲ್ಲಿ ಸೌದೆ ಕಾಯಿಸಿ ಇದ್ದಿಲು ಮಾಡಿ, ಜೊತೆಗೆ ಟಾರು, ಮೆಥನಾಲ್ ಎಲ್ಲ ತೆಗೆಯುತ್ತಿದ್ದರು. ಬುದ್ಧಿವಂತ ಕೆಲಸವೇ, ಏನೂ ಹಾಳು ಮಾಡುತ್ತಿರಲಿಲ್ಲ. ಆದರೂ ಕಡಿದದ್ದು ಕಡಿದದ್ದೇ ಅಲ್ವಾ. ನಮ್ಮಜ್ಜ ಗಾಡಿ ಕಟ್ಟಿ ಸೌದೆ ಹೊಡೆದವರು, ಆ ದುಡ್ಡಿನಲ್ಲೇ ನಮ್ಮ ಮನೆ ಎದ್ದಿದ್ದು, ಅದನ್ನೂ ಮರೆತಿಲ್ಲ. ಜೋಗದ ಕರೆಂಟು ಬಂದು ವಿದ್ಯುತ್ ಕುಲುಮೆ ಹಾಕಿದ ಮೇಲೆ ಸೌದೆಯ ಒತ್ತಡ ಕಮ್ಮಿಯಾಯ್ತು.

ಆಮೇಲೆ ಪಕ್ಕದ ಎಂಪಿಎಂ ಕಾಗದದ ಕಾರ್ಖಾನೆಗೆ ಅಂತ 1980ರಲ್ಲಿ 40 ವರ್ಷಕ್ಕೆ ಅರಣ್ಯಭೂಮಿ ಗುತ್ತಿಗೆ ಕೊಟ್ಟರು, ನೀಲಗಿರಿ, ಅಕೇಶಿಯಾ ನೆಟ್ಟರು. ಕಾಗದ ಮಾಡುವುದು ನಿಂತು ಎಷ್ಟು ವರ್ಷವಾಯ್ತು, 2020ರಲ್ಲಿ ಗುತ್ತಿಗೆ ಮಾತ್ರ ಮತ್ತೆ ಮುಂದುವರಿಸಿದರು. ಕಾರ್ಖಾನೆ ಇಲ್ಲ, ನೌಕರಿ ಇಲ್ಲ, ಅಕೇಶಿಯಾ ಮಾತ್ರ ನಮ್ಮ ಪಾಲಿಗೆ. ಊರು ಕಟ್ಟಿದವರ ಬಗ್ಗೆ ನನಗೆ ಗೌರವವಿದೆ, ಆದರೆ ಬೆಲೆ ತೆತ್ತವರು ಗೇಟಿನ ಹೊರಗೂ ಇದ್ದರು.

ಮಾಚೇನಹಳ್ಳಿ ಫೌಂಡ್ರಿ:
ಇಬ್ಬರ ಮಾತೂ ಸರಿ. ನಾನು ಭದ್ರಾವತಿ ಮತ್ತು ಶಿವಮೊಗ್ಗದ ನಡುವೆ ಮಾಚೇನಹಳ್ಳಿಯಲ್ಲಿ ಒಂದು ಸಣ್ಣ ಫೌಂಡ್ರಿ, ಅಂದರೆ ಎರಕದ ಕಾರ್ಖಾನೆ, ನಡೆಸುತ್ತೇನೆ. ಭದ್ರಾವತಿ ಕಾರ್ಖಾನೆ ಯಾಕೆ ಮುಳುಗಿತು ಅಂತ ಯಾರೂ ಬರೆಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೊದಲು ಅದಿರು ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಇಳಿದು ಬರುತ್ತಿತ್ತು, ಮನೆ ಹಿಂದಿನ ಗಣಿ ಅಂದ ಹಾಗೆ. ಅಲ್ಲಿ ಗಣಿ ನಿಂತ ಮೇಲೆ ಅದಿರನ್ನೂ ಹೊರಗಿಂದ ಕೊಳ್ಳಬೇಕು, ಕುಲುಮೆಗೆ ಹಾಕುವ ಕಲ್ಲಿದ್ದಲಿನ ಕೋಕ್ ಅನ್ನೂ ಹೊರಗಿಂದ ತರಿಸಬೇಕು. ಕುಲುಮೆ ಸಣ್ಣದು, ಯಂತ್ರ ಹಳೆಯದು. ದೊಡ್ಡ ಕಾರ್ಖಾನೆಗಳು ಟನ್ನಿಗೆ ಹಾಕುವ ಖರ್ಚಿನಲ್ಲಿ ಇಲ್ಲಿ ಕಬ್ಬಿಣ ತೆಗೆಯೋಕೆ ಆಗುತ್ತಿರಲಿಲ್ಲ. ಬಳ್ಳಾರಿ ಕಡೆ ರಮಣದುರ್ಗದಲ್ಲಿ ಗಣಿ ಕೊಡುವ ಮಾತು ವರ್ಷಗಟ್ಟಲೆ ನಡೆಯಿತು. ಹೊಸ ಬಂಡವಾಳ ಬರಲಿಲ್ಲ. 2016ರಲ್ಲಿ ಮಾರಲು ಒಪ್ಪಿಗೆ ಕೊಟ್ಟರು, 2019ರಲ್ಲಿ ಕೊಳ್ಳುವವರನ್ನು ಕರೆದರು, 2022ರಲ್ಲಿ ಅದನ್ನೂ ಕೈಬಿಟ್ಟರು. ಮುಚ್ಚುವ ತೀರ್ಮಾನ ಆದ ವರ್ಷವೇ ಬಾರ್ ಮಿಲ್ ಮತ್ತೆ ತಿರುಗಿತು, ನಿಜ, ಆದರೆ ಅದು ಹೊರಗಿಂದ ತಂದ ಉಕ್ಕನ್ನು ಕಾಯಿಸಿ, ಉರುಳೆಗಳ ನಡುವೆ ಒತ್ತಿ ಸರಳು ಮಾಡುವ ಕೆಲಸ. ಅದಿರು ಕರಗಿಸಿ ಲೋಹ ಮಾಡುವುದಕ್ಕೂ ಅದಕ್ಕೂ ತುಂಬಾ ವ್ಯತ್ಯಾಸ.

ಪೂರ್ತಿ ಹೋಯ್ತು ಅಂತ ಮಾತ್ರ ನಾನು ಒಪ್ಪಲ್ಲ. ಶಿವಮೊಗ್ಗದ ಸುತ್ತ ಇಷ್ಟು ಫೌಂಡ್ರಿ ಯಾಕಿವೆ ಹೇಳಿ? ಭದ್ರಾವತಿಯಲ್ಲಿ ಕೈ ಪಳಗಿದವರು ಇಲ್ಲೇ ಇದ್ದರು, ಅದಕ್ಕೆ. ನನ್ನ ಮೊದಲ ಮೋಲ್ಡರ್ ಅಲ್ಲಿಂದ ನಿವೃತ್ತರಾದವರು. ಹುಡುಗರಿಗೆ ಬೈದು, ತಿದ್ದಿ, ಕೈ ಹಿಡಿದು ಕಲಿಸಿದರು. ಈಗ ಅವರ ಪೀಳಿಗೆ ಮುಗಿಯುತ್ತಾ ಬಂತು, ಹೊಸಬರನ್ನು ತಯಾರು ಮಾಡುವ ಅಷ್ಟು ದೊಡ್ಡ ಜಾಗ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ನನಗೆ ಚಿಂತೆ ಇರೋದು ಅದೇ.

ನ್ಯೂಟೌನ್ ಮಗಳು:
ಮೇಸ್ತ್ರಿ ಅಂಕಲ್, ಅಮ್ಮನನ್ನು ಕೇಳಿದೆ. ಅಪ್ಪ ಬ್ಲಾಸ್ಟ್ ಫರ್ನೇಸ್‌ನಲ್ಲೇ ಇದ್ದರಂತೆ, ಕಬ್ಬಿಣ ಬಿಡುವ ಜಾಗದಲ್ಲೇ. ನೀವು ಬರೆದದ್ದನ್ನು ಅವರಿಗೆ ಎರಡು ಸಲ ಓದಿ ಹೇಳಿದೆ. ಲಕ್ಕವಳ್ಳಿ ಅಣ್ಣ, ನಿಮ್ಮಜ್ಜನ ಸೌದೆ ಗಾಡಿಯ ಕಥೆಯೂ ಇದರಲ್ಲಿ ಬರಲೇಬೇಕು, ನೆನಪಿರುವ ಹಿರಿಯರು ಊರಲ್ಲಿದ್ದರೆ ನಾನೇ ಅಲ್ಲಿಗೆ ಬರುತ್ತೇನೆ. ಫೌಂಡ್ರಿ ಸರ್, ಬರುವ ಭಾನುವಾರ ನಿಮ್ಮಲ್ಲಿಗೆ ಬಂದು ಮೇಸ್ತ್ರಿ ಅಂಕಲ್ ಕೆಲಸ ವಿವರಿಸುವುದನ್ನು ವಿಡಿಯೋ ಮಾಡಿಕೊಳ್ಳಬಹುದಾ?

ಮಾಚೇನಹಳ್ಳಿ ಫೌಂಡ್ರಿ:
ಧಾರಾಳವಾಗಿ ಬನ್ನಿ ಮೇಡಂ. ಎರಡು ಹಳೇ ಮರದ ಪ್ಯಾಟರ್ನ್ ಕೂಡ ಎತ್ತಿಟ್ಟಿದ್ದೇನೆ.

ಪ್ಯಾಟರ್ನ್ ಮೇಸ್ತ್ರಿ:
ಭಾನುವಾರ ಬೇಡ, ರಜೆ ದಿನ ಸುಮ್ನೆ ಖಾಲಿ ಶೆಡ್ ನೋಡಿ ಏನು ಮಾಡ್ತೀರಿ. ಎರಕ ಹೊಯ್ಯುವ ದಿನ ಕೇಳಿಕೊಂಡು ಬನ್ನಿ. ನನ್ನ ಎರಡೂ ಸ್ಕೇಲ್ ತರುತ್ತೇನೆ. ಕಾಲಿಗೆ ಬೂಟು ಹಾಕಿಕೊಳ್ಳಿ, ಹತ್ತಿ ಬಟ್ಟೆಯೇ ಇರಲಿ, ನೈಲಾನ್ ದುಪಟ್ಟಾ ಮಾತ್ರ ಖಂಡಿತ ಬೇಡ, ಕಿಡಿ ಬಿದ್ದರೆ ಮೈಗೇ ಅಂಟಿಕೊಳ್ಳುತ್ತದೆ.