ಅಪ್‌ಡೇಟ್: ಹಣೆಯ ಸೈನಸ್‌ನಲ್ಲಿದ್ದ ಆಸ್ಟಿಯೋಮಾ ತೆಗೆಸಿದ್ದಾಯ್ತು

ಎಡಹುಬ್ಬಿನ ಮೇಲೆ ನೋವು, ಸಿಟಿ ಸ್ಕ್ಯಾನ್‌ನಲ್ಲಿ ಹಣೆಯ ಸೈನಸ್‌ನೊಳಗೆ (ಹುಬ್ಬಿನ ಹಿಂದೆ ಮೂಳೆಯೊಳಗಿರೋ ಗಾಳಿಗೂಡು) ಮೂಳೆಗೆಡ್ಡೆ, ಅಂದ್ರೆ ಆಸ್ಟಿಯೋಮಾ ಕಂಡಿದೆ, ಏನ್ ಮಾಡ್ಲಿ ಅಂತ ಇಲ್ಲಿ ಕೇಳಿದ್ದೆನಲ್ಲ, ಅದೇ ನಾನು. ಆಪರೇಷನ್ ಆಗಿ ಇವತ್ತಿಗೆ 12 ದಿನ.

ಅದಕ್ಕೂ ಮುಂಚೆ ನೀಲಗಿರಿ ಎಣ್ಣೆ ಹಾಕಿ ಹಬೆ ತಗೊಂಡೆ, ಮೂಗಿನ ಸ್ಪ್ರೇನೂ ಹೊಡೆದೆ. ಆ ಹೊತ್ತಿಗೆ ಹಾಯ್ ಅನಿಸ್ತಿತ್ತು, ಅಷ್ಟೇ. ಮೂಳೆ ಹಬೆಗೆ ಕರಗುತ್ತಾ ಹೇಳಿ! ಮೈಗ್ರೇನ್ ಮಾತ್ರೆಯೂ ದಂಡ.

ಕೆಲಸಕ್ಕೆ ಬಂದಿದ್ದು "ಗೆಡ್ಡೆ ಎಷ್ಟು ದೊಡ್ಡದು ಅನ್ನೋದಕ್ಕಿಂತ ಸೈನಸ್ ಬಸಿಯೋ ದಾರಿಗೆ ಅಡ್ಡ ಕೂತಿದೆಯಾ ಕೇಳಿ" ಅಂತ ಇಲ್ಲಿ ಉತ್ತರ ಕೊಟ್ಟವರ ಮಾತು. ಇಎನ್‌ಟಿ ಡಾಕ್ಟರು ತೆಳು ಪದರಗಳ ಸಿಟಿ ಮಾಡಿಸಿ ತೋರಿಸಿದ್ರು: ಸುಣ್ಣದುಂಡೆ ಹಾಗೆ ಬೆಳ್ಳಗೆ, ಸರಿಯಾಗಿ ದಾರಿಯ ಬಾಯಲ್ಲೇ. ಅದರ ಹಿಂದೆ ಲೋಳೆ ತುಂಬಿತ್ತು. ತೊಂದರೆ ಕೊಡದೆ ಸುಮ್ಮನಿದ್ದಿದ್ರೆ ಆಗಾಗ ಸ್ಕ್ಯಾನ್ ಮಾಡಿಸ್ತಾ ಕಾಯಬಹುದಿತ್ತಂತೆ.

ಹಣೆ ಕೊಯ್ಯಲಿಲ್ಲ. ಮೂಗಿನೊಳಗಿಂದಲೇ ಎಂಡೋಸ್ಕೋಪ್ (ಕ್ಯಾಮೆರಾ ಇರೋ ಸಣ್ಣ ನಳಿಕೆ) ಹಾಕಿ, ಡ್ರಿಲ್‌ನಿಂದ ಒಳಗಿನ ತಿರುಳು ತೇಯ್ದು, ಉಳಿದ ಚಿಪ್ಪು ಬಿಡಿಸಿದ್ರು. ಎಲ್ಲರಿಗೂ ಹೀಗಾಗಲ್ಲ, ಗೆಡ್ಡೆ ತೀರಾ ಮೇಲೆ ಅಥವಾ ಪಕ್ಕಕ್ಕಿದ್ರೆ ಹೊರಗಿಂದಲೇ ತೆಗೀಬೇಕಾಗಬಹುದು. ಡಬ್ಬೀಲಿ ತೋರಿಸಿದ ಚೂರುಗಳು ಮುರಿದ ಕಡಲೆಕಾಳಿನ ಹಾಗಿದ್ವು. ಬಯಾಪ್ಸಿಯಲ್ಲೂ ಆಸ್ಟಿಯೋಮಾನೇ, ಕ್ಯಾನ್ಸರ್ ಅಲ್ಲ.

ಆಶ್ಚರ್ಯ ಅಂದ್ರೆ, ಡಾಕ್ಟರು "ಮನೇಲಿ ಯಾರಿಗಾದ್ರೂ ಕರುಳಲ್ಲಿ ಪಾಲಿಪ್ಸ್ (ಒಳಗೋಡೆಯ ಸಣ್ಣ ಗಂಟುಗಳು) ಇತ್ತಾ?" ಅಂದ್ರು. ಮೂಗಿಗೂ ಕರುಳಿಗೂ ಏನಪ್ಪಾ ಸಂಬಂಧ ಅಂದ್ಕೊಂಡೆ. ಇಂಥ ಗೆಡ್ಡೆ ಹಲವು ಇದ್ರೆ ಗಾರ್ಡ್ನರ್ ಸಿಂಡ್ರೋಮ್ ಅನ್ನೋ, ಕರುಳಲ್ಲಿ ಪಾಲಿಪ್ಸ್ ಬೆಳೆಸೋ ವಂಶವಾಹಿ ಕಾಯಿಲೆ ಇರಬಹುದಂತೆ, ಆಗ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡೋ ಪರೀಕ್ಷೆ) ಮಾಡಿಸ್ಲೇಬೇಕು. ನನ್ನದು ಒಂಟಿ, ಬಚಾವ್.

ಈಗ ದಿನಾ ಉಪ್ಪುನೀರಲ್ಲಿ ಮೂಗು ತೊಳೀತಿದ್ದೀನಿ. ಜೋರಾಗಿ ಸೀಟೋ ಹಾಗಿಲ್ಲ, ಸೀನು ಬಂದ್ರೆ ಬಾಯಿ ತೆರೆದೇ ಸೀನಬೇಕು. ಹುಬ್ಬಿನ ನೋವು ಹೋಗಿದೆ.