ಪದಚರ್ಚೆ: ಪ್ರಿಂಟ್ ಮಾಡಿದ ಜಾಲರಿಯಲ್ಲಿ ‘ದೋಷ’, ‘ದೃಢತೆ’

ಪ್ರಶ್ನೆ:

ಲೋಹದ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ ಕಟ್ಟುವ ಲ್ಯಾಟಿಸ್‌ಗಳ (ಸಣ್ಣ ಕಡ್ಡಿಗಳ ಜಾಲರಿಗಳ) ಬಗ್ಗೆ ಕನ್ನಡದಲ್ಲಿ ಒಂದು ತಾಂತ್ರಿಕ ಬರಹ ಸಿದ್ಧವಾಗುತ್ತಿದೆ. ‘ತಯಾರಿಕೆಯ ದೋಷಗಳಿಂದ ಜಾಲರಿಯ ದೃಢತೆ ಕಡಿಮೆಯಾಗುತ್ತದೆ’ ಎಂಬ ವಾಕ್ಯ ಸಾಕೆ? ಸ್ಟ್ರೆಂಗ್ತ್ (ಕೆಡುವ ಮುನ್ನ ಎಷ್ಟು ಹೊರೆ ತಾಳುತ್ತದೆ), ಸ್ಟಿಫ್‌ನೆಸ್ (ಹೊರೆಗೆ ಎಷ್ಟು ಕಡಿಮೆ ಆಕಾರ ಬದಲಿಸುತ್ತದೆ) ಎರಡಕ್ಕೂ ‘ದೃಢತೆ’ ನಡೆಯುತ್ತದೆಯೆ? ಸ್ಟ್ರಟ್, ನೋಡ್, ವೇವಿನೆಸ್, ಬಕ್ಲಿಂಗ್‌ಗೆ ಏನು ಬಳಸಬಹುದು? ಡಿಫೆಕ್ಟ್‌ಗೆ ದೋಷ, ಊನ, ನ್ಯೂನತೆಗಳಲ್ಲಿ ಯಾವುದು ಸರಿ? ಬಲ್ಲವರು ತಿಳಿಸಿ.

ಉತ್ತರ:

ಆ ವಾಕ್ಯ ಸಾಲದು. ಒಂದೇ ಕುಂದು ಸ್ಟಿಫ್‌ನೆಸ್ಸನ್ನು ಹೆಚ್ಚು ಕೆಡಿಸದೆ ಸ್ಟ್ರೆಂಗ್ತನ್ನು ಅರ್ಧಕ್ಕೆ ಇಳಿಸಬಲ್ಲದು. ಎರಡಕ್ಕೂ ‘ದೃಢತೆ’ ಎಂದರೆ ಈ ವ್ಯತ್ಯಾಸವೇ ಓದುಗರಿಗೆ ಕಾಣುವುದಿಲ್ಲ.

ಲೆಕ್ಕ ಹಾಕಿಯೇ ನೋಡಬಹುದು. ಜಾಲರಿಯಲ್ಲಿ 0.4 ಮಿ.ಮೀ. ದಪ್ಪದ ಒಂದು ದುಂಡು ಕಡ್ಡಿ (ಸ್ಟ್ರಟ್) ಇದೆ ಎನ್ನಿ. ನೇರವಾಗಿರಬೇಕಾದ ಅದು ನಡುವಿನಲ್ಲಿ 0.05 ಮಿ.ಮೀ., ಅಂದರೆ ದಪ್ಪದ ಎಂಟನೇ ಒಂದು ಭಾಗದಷ್ಟು, ಪಕ್ಕಕ್ಕೆ ಸರಿದಿದೆ. ತುದಿಗಳು ಕೀಲಿನಂತೆ ತಿರುಗುತ್ತವೆ ಎಂದು ಹಿಡಿಯೋಣ. ಉದ್ದಕ್ಕೆ ಬಿದ್ದ ಹೊರೆಯಿಂದ ನಡುವಿನಲ್ಲಿ ಬಾಗಿನ ಸ್ಟ್ರೆಸ್ಸೂ (ಸ್ಟ್ರೆಸ್ ಎಂದರೆ ಒಂದು ಚದರ ಅಳತೆಯ ಮೇಲೆ ಬೀಳುವ ಬಲ) ಹುಟ್ಟುತ್ತದೆ. ದುಂಡು ಕಡ್ಡಿಯಲ್ಲಿ ಈ ಹೆಚ್ಚುವರಿ ಸ್ಟ್ರೆಸ್ಸು ನೇರ ಸ್ಟ್ರೆಸ್ಸಿನ 8 ಪಟ್ಟನ್ನು ‘ಸರಿದ ದೂರ ಭಾಗಿಸು ದಪ್ಪ’ ಎಂಬ ಅನುಪಾತದಿಂದ ಗುಣಿಸಿದಷ್ಟು. ಇಲ್ಲಿ ಅನುಪಾತ 1/8, ಹಾಗಾಗಿ ಗರಿಷ್ಠ ಸ್ಟ್ರೆಸ್ಸು ಸರಿಯಾಗಿ ಎರಡರಷ್ಟಾಗುತ್ತದೆ. ನೇರ ಕಡ್ಡಿ ತಾಳುತ್ತಿದ್ದುದರ ಅರ್ಧ ಹೊರೆಗೇ ಲೋಹ ಇಳುವರಿ ಬಿಂದು (ಯೀಲ್ಡ್ ಪಾಯಿಂಟ್, ಆಕಾರ ಕಾಯಂ ಆಗಿ ಕೆಡತೊಡಗುವ ಮಟ್ಟ) ಮುಟ್ಟುತ್ತದೆ. ಅದೇ ಕಡ್ಡಿಯ ಉದ್ದುದ್ದ ಸ್ಟಿಫ್‌ನೆಸ್ ಎಷ್ಟು ಇಳಿಯಿತು? ಡೊಂಕು ಸೈನ್ ಅಲೆಯ ಆಕಾರದ್ದಾದರೆ ಸುಮಾರು ಶೇ. 11 ಮಾತ್ರ. ನಿಜವಾದ ಜಾಲರಿಯಲ್ಲಿ ತುದಿಗಳು ಕಡ್ಡಿಗಳು ಕೂಡುವ ಗಂಟಿಗೆ ಬೆಸೆದಿರುವುದರಿಂದ ಎರಡೂ ಇಳಿಕೆ ಇದಕ್ಕಿಂತ ಕಡಿಮೆ, ಆದರೆ ಅವುಗಳ ನಡುವಿನ ಅಂತರ ಉಳಿಯುತ್ತದೆ. ಮೆತು ಲೋಹದಲ್ಲಿ ಇಳುವರಿ ಶುರುವಾದ ಕೂಡಲೇ ಕಡ್ಡಿ ಮುರಿಯುವುದಿಲ್ಲ. ಭಿದುರ (ಬಾಗದೆ ಒಡೆಯುವ) ವಸ್ತುವಿನ ಕಡ್ಡಿ ಎಳೆತಕ್ಕೆ ಸಿಕ್ಕಿದ್ದರೆ ಅಲ್ಲೇ ಸೀಳುತ್ತದೆ.

ಆದ್ದರಿಂದ ಸ್ಟಿಫ್‌ನೆಸ್‌ಗೆ ‘ಬಿಗಿತ’, ಸ್ಟ್ರೆಂಗ್ತ್‌ಗೆ ‘ತಾಳುಬಲ’ ಎಂದು ಬೇರ್ಪಡಿಸುವುದು ಒಳ್ಳೆಯದು. ಬರೀ ‘ಬಲ’ ಎಂದರೆ ಶಾಲೆಯ ಪಾಠದಲ್ಲಿ ಫೋರ್ಸ್, ‘ಶಕ್ತಿ’ ಎಂದರೆ ಎನರ್ಜಿ. ‘ಗಡಸುತನ’ ಹಾರ್ಡ್‌ನೆಸ್‌ಗೆ ಹೋಗಿಬಿಟ್ಟಿದೆ. ‘ಬಾಳಿಕೆ’ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ‘ಪೆಡಸು’ ಎಂದರೆ ಪಟ್ಟನೆ ಮುರಿಯುವುದೆಂಬ ಅರ್ಥ ಮುಂದೆ ಬರುತ್ತದೆ, ಅದೂ ಬೇಡ. ಸ್ಟ್ರೆಸ್‌ಗೆ ‘ಒತ್ತಡ’ ಎಂದರೆ ಪ್ರೆಶರ್ ಜೊತೆ ಬೆರೆಯುತ್ತದೆ. ಸ್ಟ್ರೆಸ್ ಎಂದೇ ಬಿಡುವುದು ಮೇಲು.

ಸ್ಟ್ರಟ್‌ಗೆ ‘ಕಡ್ಡಿ’, ನೋಡ್‌ಗೆ ‘ಗಂಟು’ ಸಲೀಸಾಗಿವೆ. ವೇವಿನೆಸ್‌ಗೆ ‘ಡೊಂಕು’ ಎನ್ನಿ, ‘ಬಾಗು’ ಬೇಡ. ಡೊಂಕು ಕಟ್ಟುವಾಗಲೇ ಬಂದದ್ದು, ಹೊರೆ ಇರಲಿ ಇಲ್ಲದಿರಲಿ ಇರುತ್ತದೆ. ಬಾಗು ಹೊರೆ ಬಿದ್ದಾಗ ಆಗುವುದು. ಬಕ್ಲಿಂಗ್‌ಗೆ ‘ಬಳುಕು’ ಚೆನ್ನಾಗಿ ಹೊಂದುತ್ತದೆ: ಒತ್ತುವ ಹೊರೆ ಒಂದು ಮಟ್ಟ ದಾಟಿದ ಮೇಲೆ ತೆಳು ಕಡ್ಡಿ ತಟ್ಟನೆ ಪಕ್ಕಕ್ಕೆ ಹೋಗುವುದು. ಆ ಮಟ್ಟ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ, ಉದ್ದದ ವರ್ಗದಂತೆ ಇಳಿಯುತ್ತದೆ. ಡೊಂಕು ಕಡ್ಡಿಯಲ್ಲಿ ಆ ‘ತಟ್ಟನೆ’ ಇರುವುದಿಲ್ಲ. ಮೊದಲಿನಿಂದಲೇ ಅದು ಸ್ವಲ್ಪ ಸ್ವಲ್ಪವಾಗಿ ಬಾಗುತ್ತ ಹೋಗುತ್ತದೆ.

ಜಾಲರಿಯ ಬಗೆಗೂ ಎರಡು ಹೆಸರು ಬೇಕು. ಕಡ್ಡಿಗಳು ತ್ರಿಕೋನಗಳಾಗಿ ಕೂಡುವ ಆಕ್ಟೆಟ್ ಜಾಲರಿಯಲ್ಲಿ ಒಂದು ಗಂಟಿಗೆ 12 ಕಡ್ಡಿ ಸೇರುತ್ತವೆ. ಅಲ್ಲಿ ಕಡ್ಡಿಗಳು ಹೊರೆಯನ್ನು ಉದ್ದಕ್ಕೇ ಹೊರುತ್ತವೆ, ಇದು ‘ಎಳೆ-ಒತ್ತು ಜಾಲರಿ’. ಘನದ ನಡುವಿನ ಗಂಟಿನಿಂದ ಎಂಟು ಮೂಲೆಗೆ ಕಡ್ಡಿ ಹೋಗುವ ಬಿಸಿಸಿ ಜಾಲರಿಯಲ್ಲಿ ಕಡ್ಡಿ ಬಾಗಿಯೇ ಹೊರೆ ಹೊರಬೇಕು, ಇದು ‘ಬಾಗು ಜಾಲರಿ’. ಮೊದಲನೆಯದಕ್ಕೆ ಡೊಂಕು ದೊಡ್ಡ ಪೆಟ್ಟು, ಏಕೆಂದರೆ ಬಾಗದೆ ಇದ್ದ ಕಡೆ ಬಾಗು ಹುಟ್ಟುತ್ತದೆ. ಎರಡನೆಯದು ಹೇಗೂ ಬಾಗುತ್ತಿರುವುದರಿಂದ ಡೊಂಕನ್ನು ಸಹಿಸುತ್ತದೆ, ದಪ್ಪದ ವ್ಯತ್ಯಾಸವನ್ನು ಸಹಿಸುವುದಿಲ್ಲ. 0.40ರ ಕಡ್ಡಿ 0.36 ಆಗಿ ಬಂದರೆ ಅಡ್ಡಕೊಯ್ತದ ವಿಸ್ತೀರ್ಣ ಶೇ. 19 ಇಳಿದರೆ, ಬಾಗುವಾಗಿನ ತಾಳುಬಲ ಶೇ. 27, ಬಾಗುವಾಗಿನ ಬಿಗಿತ ಶೇ. 34 ಇಳಿಯುತ್ತದೆ.

ಹೀಗಿರುವಾಗ ‘ದೋಷ’ ಒಂದೇ ಪದ ಎಲ್ಲ ಕೆಲಸ ಮಾಡಲಾರದು. ಒಟ್ಟು ಹೆಸರಾಗಿ ‘ದೋಷ’ ಇರಲಿ. ಕಡ್ಡಿ ಮೂಡದೇ ಹೋದದ್ದಕ್ಕೆ ‘ಊನ’, ಆಕಾರ ತಪ್ಪಿದ್ದಕ್ಕೆ ‘ಓರೆಕೋರೆ’, ಒಳಗಿನ ಪೊಳ್ಳಿಗೆ ‘ಟೊಳ್ಳು’. ‘ನ್ಯೂನತೆ’ ವರದಿಗಳಲ್ಲಿ ಮನುಷ್ಯರ ಕೆಲಸದ ಕೊರತೆಗೇ ಹೆಚ್ಚು ಬಳಕೆಯಾಗುತ್ತದೆ, ಇಲ್ಲಿಗೆ ಅಷ್ಟು ಒಪ್ಪದು.

ಸೇರ್ಪಡೆ:

ಮೇಲಿನ ಪದಗಳಿಗೆ ಪೂರ್ಣ ಒಪ್ಪಿಗೆ. ‘ಟೊಳ್ಳು’ ಎಂಬುದನ್ನು ಮಾತ್ರ ಇನ್ನೂ ಒಡೆಯಬೇಕು. ಲೇಸರ್ ಶಾಖ ಸಾಲದೆ ಅಥವಾ ಪದರ ದಪ್ಪವಾಗಿ ಎರಡು ಪದರ ಬೆಸೆಯದೆ ಉಳಿದರೆ ಚಪ್ಪಟೆಯಾದ, ಅಂಚು ಚೂಪಾದ ಎಡೆ ಉಳಿಯುತ್ತದೆ: ‘ಬೆಸೆಯದ ಎಡೆ’. ಶಾಖ ಅತಿಯಾಗಿ ಲೋಹ ಆವಿಯಾಗಿ ಕೊರೆದ ಗುಳಿ ಮುಚ್ಚಿಕೊಂಡರೆ ದುಂಡಗಿನ ರಂಧ್ರ: ‘ಆವಿಗುಳಿ’. ಗಾತ್ರ ಒಂದೇ ಇದ್ದರೂ ಬೆಸೆಯದ ಎಡೆಯೇ ಹೆಚ್ಚು ಅಪಾಯ, ಅದರ ಚೂಪು ಅಂಚಿನಿಂದ ಬಿರುಕು ಹೊರಡುತ್ತದೆ. ಮತ್ತೆ ಮತ್ತೆ ಬೀಳುವ ಹೊರೆಯಲ್ಲಂತೂ ಇದು ದೊಡ್ಡ ಶತ್ರು. ಬಿಸಿ ಮತ್ತು ಅನಿಲದ ಒತ್ತಡ ಕೊಟ್ಟು ಒಳಗಿನ ಟೊಳ್ಳನ್ನು ಮುಚ್ಚಬಹುದು. ಮೇಲ್ಮೈಗೆ ಬಾಯಿ ತೆರೆದಿರುವುದು ಮುಚ್ಚುವುದಿಲ್ಲ, ಅದರೊಳಕ್ಕೆ ಅನಿಲವೇ ನುಗ್ಗುತ್ತದೆ.

ಇನ್ನೊಂದು ಪದವನ್ನು ಸೇರಿಸಲೇಬೇಕು: ‘ಅಂಟುಪುಡಿ’. ತಳಕ್ಕೆ ಸಮಾನಾಂತರವಾಗಿ, ಇಲ್ಲವೆ 45 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ಇರುವ ಕಡ್ಡಿಯ ಕೆಳಮೈ ಬಿಡಿ ಪುಡಿಯ ಮೇಲೆ ಕರಗುತ್ತದೆ. ಬಿಡಿ ಪುಡಿ ಶಾಖವನ್ನು ಬೇಗ ಸಾಗಿಸದು, ಹಾಗಾಗಿ ಕರಗಿದ ಲೋಹ ಕೆಳಕ್ಕೆ ಇಳಿದು ಅಡ್ಡಕೊಯ್ತ ಮೊಟ್ಟೆಯಾಕಾರ ತಾಳುತ್ತದೆ, ಅರ್ಧ ಕರಗಿದ ಕಣಗಳು ಅಲ್ಲೇ ಕೂರುತ್ತವೆ. ಸಾಮಾನ್ಯವಾಗಿ ಪುಡಿಯ ಕಣ 15ರಿಂದ 45 ಮೈಕ್ರಾನ್. 0.40 ಮಿ.ಮೀ. ಕಡ್ಡಿಯ ಎರಡೂ ಬದಿಗೆ 45 ಮೈಕ್ರಾನ್ ಕಣ ಅಂಟಿದ್ದರೆ ದಪ್ಪ ಅಳೆಯುವ ಕ್ಯಾಲಿಪರ್ 0.49 ತೋರಿಸುತ್ತದೆ. ಆ ಅಳತೆಯಿಂದ ವಿಸ್ತೀರ್ಣ ಕಟ್ಟಿದರೆ ಶೇ. 50 ಹೆಚ್ಚು ಬರುತ್ತದೆ, ಹೊರೆ ಹೊರುವ ಲೋಹ ಮಾತ್ರ ಹಾಗೇ ಇರುತ್ತದೆ. ತೂಕ ಮಾಡಿ ಸಾಂದ್ರತೆ ಹಿಡಿದರೂ ಅಂಟುಪುಡಿ ಅದರಲ್ಲಿ ಸೇರಿಬಿಡುತ್ತದೆ. ಹಾಗಾಗಿ ಬರಹದಲ್ಲಿ ‘ದಪ್ಪ’ ಎಂದು ಬಂದಲ್ಲೆಲ್ಲ ‘ವಿನ್ಯಾಸದ ದಪ್ಪ’, ‘ಅಳೆದ ದಪ್ಪ’, ‘ಹೊರೆ ಹೊರುವ ದಪ್ಪ’ ಇವುಗಳಲ್ಲಿ ಯಾವುದೆಂದು ಹೇಳಬೇಕು. ಮೂರನೆಯದನ್ನು ಸಿಟಿ ಸ್ಕ್ಯಾನ್‌ನಿಂದ ಅಂದಾಜು ಮಾಡಬಹುದು.

ಕೇಳಿದ ವಾಕ್ಯವನ್ನು ಹೀಗೆ ಬರೆಯಬಹುದು: ‘ಕಡ್ಡಿಗಳ ಡೊಂಕಿನಿಂದ ಎಳೆ-ಒತ್ತು ಜಾಲರಿಯ ತಾಳುಬಲ ಅದರ ಬಿಗಿತಕ್ಕಿಂತ ಹೆಚ್ಚು ಇಳಿಯುತ್ತದೆ, ಕಡ್ಡಿ ತೆಳುವಾದರೆ ಬಾಗು ಜಾಲರಿಯ ಬಿಗಿತ ಅದರ ತಾಳುಬಲಕ್ಕಿಂತ ಹೆಚ್ಚು ಇಳಿಯುತ್ತದೆ.’